ಒದ್ದೆಯಾಗಿ ಬಂದ ಜಾಕೆಟ್‌ಗಳು

ಅಕ್ಕಾ, ಗೆದ್ದುಬಿಟ್ಟೆವು ಕಣೇ!

ವಿಮಾನಗಳ ಲೈಫ್ ಜಾಕೆಟ್‌ಗಳನ್ನು ಪರೀಕ್ಷಿಸಿ ಮಡಚಿಡುವುದು ನನ್ನ ಕೆಲಸವಲ್ಲವೇ? ನಮ್ಮ ವರ್ಕ್‌ಶಾಪಿನಿಂದ ಹೋದವು ಯಾವಾಗಲೂ ಹೋದ ಹಾಗೆಯೇ, ಯಾರೂ ಮುಟ್ಟದೆ ವಾಪಸು ಬರುತ್ತವೆ. ಇವತ್ತು ಬಂದ ರಾಶಿ ಮಾತ್ರ ಒದ್ದೆಯಾಗಿತ್ತು. ಮೊನ್ನೆ ಎಂಜಿನ್ ಕೆಟ್ಟು ಸಮುದ್ರಕ್ಕಿಳಿದ ವಿಮಾನದವು. ಅದರಲ್ಲಿದ್ದವರೆಲ್ಲ ಬದುಕಿದ್ದಾರೆ, ಎಲ್ಲರೂ! ಒಂದು ಜಾಕೆಟ್ಟಿನ ಊದುವ ಕೊಳವೆಯ ಮೇಲೆ ಯಾವುದೋ ಮಗುವಿನ ಹಲ್ಲಿನ ಗುರುತೂ ಇದೆ.

ನೀನು ಗಗನಸಖಿಯಾಗಿ ಹತ್ತಿದ ಆ ವಿಮಾನ ಯಾಕೆ ಬಿತ್ತೆಂದು ಇವತ್ತಿಗೂ ಯಾರಿಗೂ ತಿಳಿದಿಲ್ಲ. ತೇಲಿ ಬಂದ ಜಾಕೆಟ್‌ಗಳು ಹಳೆಯ ಮಡಿಕೆಯಲ್ಲೇ ಸೀಳಿಹೋಗಿದ್ದವು ಎಂಬುದಷ್ಟೇ ಗೊತ್ತು. ಅದಕ್ಕೇ ಹಳೆಯ ಗೆರೆಯ ಮೇಲೆ ಮತ್ತೆ ಮಡಚಲು ನಾನು ಯಾರನ್ನೂ ಬಿಡುವುದಿಲ್ಲ.

"ಕರ್ಚೀಫ್ ಕಂಡ್ರೂ ಬಿಚ್ಚಿ ಮತ್ತೆ ಮಡಚ್ತಾಳೆ ಇವಳು" ಎಂದು ಗೇಲಿ ಮಾಡುತ್ತಿದ್ದ ಮೇಸ್ತ್ರಿ, ಇವತ್ತು ಆ ಹಲ್ಲಿನ ಗುರುತು ಸವರುತ್ತಾ, "ನಿನ್ನ ಹಟವೇ ಗೆಲ್ತು ಕಣಮ್ಮ" ಎಂದರು.

"ಯಾರ ತಂಗಿ ಅಂದ್ಕೊಂಡ್ರಿ ಸಾರ್?" ಎಂದೆ.

ಒಣಗಿಸಲು ಎಲ್ಲವನ್ನೂ ಸಾಲಾಗಿ ನೇತುಹಾಕಿದೆವು. ಗೋಡೆಯ ತುಂಬ ಹಳದಿ! ಕೊಕ್ಕೆಗಳು ಸಾಲಲಿಲ್ಲ. ಆದರೂ ಕೊನೆಯದನ್ನು ಖಾಲಿ ಬಿಟ್ಟೆ. ನಿನ್ನದು ಇನ್ನೂ ಬರಬೇಕಲ್ಲ.