ಡ್ರಮ್ಮಿಗೆ ಬಿದ್ದ ಸೋಪು

ಭಾನುವಾರ, ಜೂನ್ ೮

ಭಾವ, ನಮಸ್ಕಾರ. ನೀವು ಅಷ್ಟು ಸಲ ಫೋನ್ ಮಾಡಿದ್ರೂ ಎತ್ತಲಿಲ್ಲ, ಬೇಜಾರು ಮಾಡ್ಕೋಬೇಡಿ. ಬರೆಯೋಕೆ ಕೂತ್ರೆ ಬರೀ ಬೈಗುಳ ಬರುತ್ತೆ, ಅದಕ್ಕೇ ಹೀಗೆ ಮೊಬೈಲಿಗೆ ಮಾತಾಡಿ ಕಳಿಸ್ತಿದ್ದೀನಿ. ಪೂರ್ತಿ ಕೇಳಿ. ಮಧ್ಯದಲ್ಲಿ ಓಡಿಸ್ಬೇಡಿ, ನಿಮ್ಮ ಬುದ್ಧಿ ನಂಗೊತ್ತು.

ಇಲ್ಲಿ ಎಲ್ಲರೂ ಆರಾಮ. ನೀವೂ ಅಕ್ಕನೂ ಮಗಳ ಊರಿಗೆ ಹೋದ್ಮೇಲೆ ನಮ್ಮ ಗ್ಯಾರೇಜಿನ ಶಟರ್ ಇಳಿಸಿದ್ದೀನಿ. ನಾವಿಬ್ರೂ ಎಂಜಿನ್ ಆಯಿಲ್ ಚೆಲ್ಲಿ ಚೆಲ್ಲಿ ಕಪ್ಪು ಮಾಡಿದ ಹಿತ್ತಲು ನೋಡೋಕಾಗಲ್ಲ. ಅದನ್ನ ಶುದ್ಧ ಮಾಡದಿದ್ರೆ ಗ್ಯಾರೇಜಿಗೆ ಬೀಗ ಹಾಕ್ತೀವಿ ಅಂತ ಮಾಲಿನ್ಯ ಮಂಡಳಿ ಇನ್ಸ್‌ಪೆಕ್ಟರ್ ಅಂದಾಗ ನೀವು ತಲೆ ಮೇಲೆ ಕೈ ಹೊತ್ತು ಕೂತ್ರಿ. ನಾನು ಆ ಮಣ್ಣಲ್ಲೇ ಇದ್ದ ಬ್ಯಾಕ್ಟೀರಿಯಾನ ಡ್ರಮ್ಮಲ್ಲಿ ಸಕ್ಕರೆ ನೀರು ಹಾಕಿ ಬೆಳೆಸಿದೆ. ಅದು ತಾನೇ ಸಾಬೂನಿನಂಥದ್ದೇನೋ ಮಾಡಿ, ಮಣ್ಣಿಂದ ಎಣ್ಣೆ ಬಿಡಿಸಿ, ಆಮೇಲೆ ತಿಂದು ಹಾಕುತ್ತೆ ಅಂತ ವಿವರಿಸಿದ್ರೆ, "ಏನಯ್ಯಾ, ನಿನ್ನ ಮಕ್ಕಳಿಗೆ ಊಟ ಆಯ್ತಾ?" ಅಂತ ಕಿಚಾಯಿಸ್ತಿದ್ರಿ. ನಾನೂ ನಗ್ತಿದ್ದೆ.

ಪರೀಕ್ಷೆ ದಿನ ನೆನಪಿದೆಯಾ? ತಟ್ಟೆ ನೀರಿನ ಮೇಲೆ ಎಣ್ಣೆ ಪೊರೆ, ಅದಕ್ಕೆ ಡ್ರಮ್ಮಿಂದ ಒಂದು ಹನಿ. ಎಣ್ಣೆ ಸರಿದ್ರೆ ಬ್ಯಾಕ್ಟೀರಿಯಾ ಸಾಬೂನು ಮಾಡಿದೆ ಅಂತ ಲೆಕ್ಕ. ಹಿಂದಿನ ದಿನದವರೆಗೂ ಜಪ್ಪಯ್ಯ ಅನ್ನದ ಎಣ್ಣೆ ಫಟ್ ಅಂತ ಪಕ್ಕಕ್ಕೆ ಸರೀತು. ಇನ್ಸ್‌ಪೆಕ್ಟರ್ ಬೆನ್ನು ತಟ್ಟಿದ್ರು. ನಾನು ಮಗು ಥರ ಅತ್ತೆ. ನೀವು ಕರ್ಚೀಫ್ ಕೊಟ್ರಿ, ಭಾವ!

ಅದನ್ನೇ ಹಿತ್ತಲಿಗೆಲ್ಲ ಸುರಿದೆ. ಸ್ವಲ್ಪ ದಿನಕ್ಕೇ ಪಕ್ಕದ ಮನೆಯಮ್ಮ ಲೋಟ ತಂದು ಮೂಗಿಗೆ ಹಿಡಿದ್ರು: "ಕುಡೀರಿ, ನಮ್ಮ ಬಾವಿ ನೀರು." ಬರೀ ಎಣ್ಣೆ ವಾಸನೆ. ಡ್ರಮ್ಮಲ್ಲಿ ಉಳಿದಿದ್ದನ್ನ ಲ್ಯಾಬಿಗೆ ಕೊಟ್ಟೆ. ಅಲ್ಲಿನ ಮೇಡಮ್, "ಸಾರ್, ಇದ್ರಲ್ಲಿ ಜೀವಾನೇ ಇಲ್ಲ. ಪಾತ್ರೆ ತೊಳೆಯೋ ಸೋಪು ಸುರಿದಿದ್ದಾರೆ ಯಾರೋ" ಅಂದ್ರು. ಎಣ್ಣೆ ಬಿಡಿಸೋಕೆ ಸೋಪಿತ್ತು, ತಿನ್ನೋಕೆ ಯಾರೂ ಇರ್ಲಿಲ್ಲ. ಬಿಟ್ಟ ಎಣ್ಣೆ ನೆಟ್ಟಗೆ ಬಾವಿಗಿಳೀತು.

ಅಕ್ಕನಿಗೆ ಫೋನ್ ಮಾಡಿ ಕೇಳಿದೆ. "ನಿನ್ನ ಮರ್ಯಾದೆ ಹೋಗಬಾರ್ದು ಅಂತ ನಿನ್ನ ಭಾವಾನೇ ಹಿಂದಿನ ರಾತ್ರಿ ಸೋಪು ಹಾಕಿದ್ರು ಕಣೋ" ಅಂದ್ಲು.

ಡ್ರಮ್ಮು ನಂದು, ಸುರಿದಿದ್ದು ನಾನು, ಈಗ ಬೀದೀಲಿ ಬೈಸ್ಕೊಳ್ಳೋದೂ ನಾನೇ. ನಿಮ್ಮ ಹೆಸರು ಎತ್ತಿಲ್ಲ, ಅಕ್ಕನ ಮುಖ ನೋಡ್ಕೊಂಡು.

ಬೀಪಿ ಮಾತ್ರೆ ತಪ್ಪಿಸ್ಬೇಡಿ. ಮೊಮ್ಮಗಳು ನೂರು ಕಾಲ ಚೆನ್ನಾಗಿರಲಿ.

ನಿಮ್ಮ ಭಾವಮೈದ

ಇನ್ನೊಂದು ಮಾತು ಬಿಟ್ಟುಹೋಯ್ತು. ಡ್ರಮ್ಮಿಂದ ಮೊದಲೇ ತೆಗೆದಿಟ್ಟ ಒಂದು ಬಾಟ್ಲು ಶೆಲ್ಫಲ್ಲಿ ಉಳಿದಿತ್ತು, ನಿಮ್ಮ ಕೈ ಸೋಕದ್ದು. ನೆನ್ನೆ ಮೇಡಮ್ ಅದರ ಹನಿ ಹಾಕಿ ತೋರಿಸಿದ್ರು. ಎಣ್ಣೆ ಸರೀತು, ಭಾವ. ತಾನಾಗೇ. ಪರೀಕ್ಷೆಗೆ ಇನ್ನೊಂದು ವಾರ ಕಾದಿದ್ರೆ ಸಾಕಿತ್ತಂತೆ. ಬಾವಿ ತೊಳೆಸ್ತೀನಿ, ಬೈಗುಳ ನುಂಗ್ತೀನಿ. ಆದ್ರೆ ಇವನ ಕೈಲಿ ಆಗಲ್ಲ ಅಂತ ನೀವು ಯಾವತ್ತಿಂದ ಅಂದ್ಕೊಂಡಿದ್ರಿ? ಅದೊಂದು ಹೇಳಿ.