ಆಮೆಯ ಬೆನ್ನು ಒಣಗದಿರಲಿ

ಫೆಬ್ರವರಿ 3, ಬೆಳಿಗ್ಗೆ

ನಗರಸಭೆಗೆ ಇನ್ನೊಂದು ಪತ್ರ ಮುಗಿಸಿದೆ. ಅಲೆತಡೆ ಗೋಡೆಯನ್ನು ಉದ್ದ ಮಾಡಿದ ಮೇಲೆ ಕೊಲ್ಲಿಯ ಮರಳು ಎಲ್ಲಿ ಹೋಯಿತು ಎಂಬುದೊಂದೇ ಪ್ರಶ್ನೆ. ಉತ್ತರ ಬರುವುದಿಲ್ಲ. ಆದರೂ ಬರೆಯುತ್ತೇನೆ. ಗೋಡೆಗೆ ಮುಂಚಿನ ಸಭೆಯಲ್ಲಿ ನಾನು ಎದ್ದು ಮಾತಾಡುತ್ತಿದ್ದಾಗ ಮೈಕು ಆರಿಸಿದ್ದು ಯಾರೆಂದು ಇನ್ನೂ ನೆನಪಿದೆ. ಈಗ ಅವನೇ ಅಧ್ಯಕ್ಷ.

ಅಕ್ಕನಿಗೆ ಇದ್ಯಾವುದೂ ಬೇಡ. ಅವಳ ಪುಸ್ತಕ ಮತ್ತೆ ಅಚ್ಚಾಗಿ ಬಂದಿದೆ. ಬರೆದದ್ದು ಅದೊಂದೇ, ಮಕ್ಕಳಿಗಾಗಿ. ನಾವಿಬ್ಬರೂ ಚಿಕ್ಕವರಿದ್ದಾಗ ಹುಣ್ಣಿಮೆ, ಅಮಾವಾಸ್ಯೆಗೆ ಕಡಲು ದೂರ ಸರಿಯುವ ದೊಡ್ಡ ಇಳಿತದ ದಿನ ಮರಳ ಮೇಲೆ ನಡೆದು ನಡುಗಡ್ಡೆಗೆ ಹೋಗಿ, ಅಪ್ಪ ಊಟಕ್ಕೆ ಬರುವುದರೊಳಗೆ ಚಿಪ್ಪು ಆರಿಸಿ ತರುತ್ತಿದ್ದ ಕಥೆ. ಶಾಲೆಯವರು ಪ್ರತಿ ಮಗುವಿಗೂ ಒಂದೊಂದು ಪ್ರತಿ ಕೊಟ್ಟಿದ್ದಾರೆ. ಅಕ್ಕ ತನ್ನ ಪ್ರತಿಯನ್ನು ಮೂಸಿ ನೋಡಿ ಮತ್ತೆ ಮುಚ್ಚಿಡುತ್ತಾಳೆ.

ಅವಳ ಮೊಮ್ಮಗಳು — ನೇರ ನಡೆಯುವ ಅಭ್ಯಾಸವೇ ಇಲ್ಲ, ಅದಕ್ಕೇ ಏಡಿ ಅಂತ ಕರೆಯುತ್ತೇವೆ — ಇಡೀ ಪುಸ್ತಕ ಬಾಯಿಪಾಠ ಮಾಡಿದ್ದಾಳೆ. ತಾಯಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಶಾಲೆಯ ಹೊತ್ತು ಬಿಟ್ಟರೆ ಹಗಲೆಲ್ಲ ಮಗು ನಮ್ಮ ಬಳಿಯೇ. ಮೆಟ್ಟಿಲು ಹತ್ತುವಾಗಲೂ ಅದೇ:

ಆಮೆ ಬೆನ್ನು ಒಣಗಿತು,
ಮರಳ ದಾರಿ ತೆರೆಯಿತು,
ಓಡಿ ಹೋಗು, ಓಡಿ ಬಾ,
ಕಡಲು ಮಲಗಿದೆ.

ಆಮೆ ಎಂದರೆ ದಡದ ಹತ್ತಿರದ ಬಂಡೆ. ನಮ್ಮ ಕಿಟಕಿಗೆ ಕಾಣುತ್ತದೆ. ಕೇಳಿ ಕೇಳಿ ಒಂದೇ ಪ್ರಶ್ನೆ ಕೊರೆಯುತ್ತಿದೆ... ಆ ದಾರಿ ಈಗ ಇದೆಯೇ?

ಫೆಬ್ರವರಿ 7

ದೊಡ್ಡ ಇಳಿತ. ಬಿದಿರು ಕೋಲು ಹಿಡಿದು ಒಬ್ಬಳೇ ಹೋದೆ. ಆಮೆಯ ಬೆನ್ನು ಚೆನ್ನಾಗಿ ಒಣಗಿತ್ತು. ಅರ್ಧ ದಾರಿಯವರೆಗೂ ಮರಳು ಗಟ್ಟಿ. ಆಮೇಲೆ ಮೆತ್ತಗಾಯಿತು. ಕೋಲು ಊರಿದೆ — ಊರಿದ್ದು ಊರಿದ ಹಾಗೇ ಇಳಿಯಿತು. ತಳ ಸಿಗಲಿಲ್ಲ. ಮೇಲೆ ಕಣಕಾಲು ಮುಳುಗುವಷ್ಟೇ ನೀರು ಎಂದು ಕಾಣುತ್ತದೆ. ಒಳಗೆ ನೀರು ಕಾಲುವೆ ಕೊರೆದಿದೆ. ತಿರುಗಿ ನೋಡಿದರೆ ನಾನು ಬಂದ ದಾರಿಗೂ ಪಕ್ಕದಿಂದ ನೀರು ನುಗ್ಗುತ್ತಿತ್ತು. ಸೊಂಟದವರೆಗೆ ತೊಯ್ದು ದಡ ಸೇರಿದೆ.

"ಈ ವಯಸ್ಸಲ್ಲಿ ಈಜು ಕಲಿಯೋಕೆ ಹೋಗಿದ್ಯೇನೇ?" ಅಂದಳು ಅಕ್ಕ. ಹೇಳಿದೆ. ನಗು ನಿಂತಿತು.

"ನನ್ನ ಪುಸ್ತಕ ಬಂದಾಗಲೇ ನಿನ್ನ ಕಣ್ಣಿಗೆ ಕಡಲು ತಪ್ಪಾಗಿ ಕಾಣ್ಬೇಕಾ?"

"ಅಕ್ಕಾ, ಮಕ್ಕಳು ಅದನ್ನ ಓದಿ..."

"ಮೂವತ್ತು ವರ್ಷ ಅಚ್ಚುಕೂಟದಲ್ಲಿ ಬೇರೆಯವರ ತಪ್ಪು ಹುಡುಕಿ ಹುಡುಕಿ ನಿನಗೆ ಅದೇ ಚಟ."

ಅವಳ ಪುಸ್ತಕದಲ್ಲಿ ತಪ್ಪಿಲ್ಲ. ತಪ್ಪಾಗಿರುವುದು ಕೊಲ್ಲಿಯಲ್ಲಿ. ಅದನ್ನು ತಿದ್ದುವ ಪೆನ್ನು ನನ್ನ ಬಳಿ ಇಲ್ಲ.

ಫೆಬ್ರವರಿ 9

ಮುಖ್ಯೋಪಾಧ್ಯಾಯಿನಿಯನ್ನು ಕಂಡೆ. "ಮಕ್ಕಳ ಪುಸ್ತಕ ಅಲ್ವಾ ಮೇಡಂ, ಅದೆಲ್ಲ ಕಲ್ಪನೆ," ಎಂದರು. ಕಲ್ಪನೆ! ನನ್ನ ಮೊಣಕಾಲಿನ ಮೇಲೆ ಆ ದಾರಿಯಲ್ಲಿ ಬಿದ್ದ ಗಾಯದ ಕಲೆ ಇನ್ನೂ ಇದೆ. ನಗರಸಭೆಯ ಎಂಜಿನಿಯರು ಕುರ್ಚಿ ಕೊಟ್ಟ, ನೀರು ಕೊಟ್ಟ, ಉತ್ತರ ಕೊಡಲಿಲ್ಲ. "ಸರ್ವೇ ಆಗಿದೆ. ಬೋರ್ಡ್ ಹಾಕಿಸ್ತೀವಿ." ಯಾವಾಗ? "ಪ್ರೊಸೀಜರ್ ಇದೆ ಮೇಡಂ." ಗೋಡೆ ಕಟ್ಟುವಾಗ ಈ ಪ್ರೊಸೀಜರ್ ಯಾವ ಊರಿಗೆ ಹೋಗಿತ್ತೋ.

ಸಂಜೆ ಏಡಿ ಪುಸ್ತಕ ಹಿಡಿದು ಒದ್ದೆ ಕಾಲಲ್ಲೇ ಮಂಚ ಹತ್ತಿದಳು. ಕಾಲು ಒಣಗದೆ ಪುಸ್ತಕ ಮುಟ್ಟಬಾರದೆಂಬುದು ಮನೆಯ ನಿಯಮ. ಗದರಿಸಿದೆ. ಕಿಟಕಿಯ ಪರದೆ ಎಳೆದು ಪಾದ ಉಜ್ಜಿಕೊಂಡು ತೋರಿಸಿದಳು.

"ಒರೆಸಿದ್ರೆ ಒಣಗಿದ ಹಾಗೇ ತಾನೇ ಚಿಕ್ಕಜ್ಜಿ?"

ವಕೀಲೆ ಆಗುತ್ತಾಳೆ.

ಫೆಬ್ರವರಿ 21

ಮತ್ತೆ ದೊಡ್ಡ ಇಳಿತ. ಎರಡು ವಾರದಿಂದ ಉಪ್ಪು ಕೊಡು, ಸಕ್ಕರೆ ಕೊಡು ಎಂಬಷ್ಟೇ ಮಾತಾಡಿದ ಅಕ್ಕ ಇವತ್ತು ತಾನಾಗಿ ಚಪ್ಪಲಿ ಹಾಕಿಕೊಂಡು, ಮೂಲೆಯಿಂದ ಕೋಲು ತೆಗೆದುಕೊಂಡು ಹೊರಟಳು. ಹಿಂದೆ ಹೋದೆ.

ಕಾಲುವೆಯ ಅಂಚಿನಲ್ಲಿ ಅವಳೇ ಕೋಲು ಊರಿದಳು. ಅವಳ ಮುಷ್ಟಿಯವರೆಗೂ ಇಳಿಯಿತು. ಹೊರಗೆಳೆದು ಮತ್ತೊಂದು ಕಡೆ ಊರಿದಳು. ಅಲ್ಲಿಯೂ ಅಷ್ಟೇ. ವಾಪಸಾಗುವಾಗ ಮೆಲ್ಲಗೆ —

"ಇಲ್ಲೇ ಅಲ್ವೇನೇ ನೀನು ಬಿದ್ದು ಗೊಳೋ ಅಂತ ಅತ್ತಿದ್ದು?"

"ಬಿದ್ದಿದ್ದು ನಾನು. ಅತ್ತಿದ್ದು ನೀನು. ಅಪ್ಪನ ಭಯಕ್ಕೆ."

"ಪುಸ್ತಕದಲ್ಲಿ ಅಳೋದು ನೀನೇ," ಅಂದಳು. ಮುಖ ಮಾತ್ರ ಬಿಳಿಚಿಕೊಂಡಿತ್ತು.

ಆಮೆಯ ಬಳಿ ಮರಳಿನ ಮೇಲೆ ಪುಟ್ಟ ಹೆಜ್ಜೆಗಳು. ನಡುಗಡ್ಡೆಯ ಕಡೆಗೆ ಹೊರಟು, ಸ್ವಲ್ಪ ದೂರ ಹೋಗಿ, ಹಿಂದಕ್ಕೆ ಬಂದಿವೆ. ಸದ್ಯ, ಬಂದಿವೆ.

ಫೆಬ್ರವರಿ 25

ಅಕ್ಕ ಶಾಲೆಗೆ ಹೋಗಿ ಮಕ್ಕಳಿಗೆ ಕಥೆ ಓದಿದಳು. ಆ ಪದ್ಯ ಬಂದಾಗ ಬದಲಾಯಿಸಿದಳು: "ಆಮೆ ಬೆನ್ನು ಒಣಗಿದರೂ ದಡದಲ್ಲೇ ನಿಲ್ಲು..."

"ತಪ್ಪು! ತಪ್ಪು ಓದ್ತಿದೀರ!" ಇಡೀ ತರಗತಿ ಒಂದೇ ಕೊರಳಲ್ಲಿ. ಎಲ್ಲರಿಗಿಂತ ಜೋರಾಗಿ ನಮ್ಮ ಏಡಿ. ಆಮೇಲೆ ಸರಿಯಾದ ಪದ್ಯವನ್ನು ಎಲ್ಲರೂ ಮೇಜು ಬಡಿಯುತ್ತಾ ಹೇಳಿಕೊಟ್ಟರು. ಬರೆದವಳಿಗೇ!

ಅಕ್ಕ ಬಿಡಿಸಿ ಹೇಳಿದಳು. ಗೋಡೆ, ಮರಳು, ಕಾಲುವೆ. ಕೇಳಿದರು — ಹಿರಿಯರ ಮಾತು ಮುಗಿಯಲಿ ಎಂದು ಮಕ್ಕಳು ಕೇಳುತ್ತಾರಲ್ಲ, ಹಾಗೆ. ಕೊನೆಗೆ ಏಡಿ ಎದ್ದು, "ಹಾಗಾದ್ರೆ ಪುಸ್ತಕ ಸುಳ್ಳು ಹೇಳುತ್ತಾ ಅಜ್ಜಿ?" ಎಂದಳು. ಅಕ್ಕ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು.

ಮನೆಗೆ ಬಂದು ಗೋಡೆಗೊರಗಿ ಕುಳಿತಳು. "ಅಚ್ಚಾಗಿದ್ದು ವಾಪಸ್ ಬರಲ್ಲ ಕಣೇ. ಆ ಮಕ್ಕಳು ಆಮೆ ಒಣಗೋವರೆಗೂ ಕಾಯ್ತಾರೆ, ಒಣಗಿದ ತಕ್ಷಣ ಹೋಗ್ತಾರೆ."

ನಲ್ಲಿಯ ಕೆಳಗಿನ ಬಕೆಟ್ಟಿನತ್ತ ನೋಡಿ — "ಒಣಗಬಾರದು. ಅಷ್ಟೇ."

ಮಾರ್ಚ್ 7

ನಾವಿಬ್ಬರೂ ಇಳಿತದ ಹೊತ್ತಿಗೆ ನೀಲಿ ಬಕೆಟ್ಟು ಹಿಡಿದು ಬಂಡೆಯ ಬೆನ್ನಿಗೆ ನೀರು ಹಾಕಿದೆವು. ಬಿಸಿಲು ಕುಡಿಯುತ್ತದೆ, ನಾವು ಸುರಿಯುತ್ತೇವೆ. ಸುರಿಯುತ್ತೇವೆ, ಕುಡಿಯುತ್ತದೆ.

ಬಲೆ ಹೆಣೆಯುವವನು ನೋಡಿ ನಗುತ್ತಿದ್ದ. "ಏನಜ್ಜಿ, ಆಮೆಗೆ ಎಣ್ಣೆ ಹಚ್ಚಿ ಸ್ನಾನನಾ?"

"ಹೌದಪ್ಪ," ಎಂದಳು ಅಕ್ಕ. "ನೀನೂ ಬಾ, ನಿನ್ನ ಬೆನ್ನೂ ನೀರು ನೋಡಿ ಬಹಳ ದಿನ ಆದಂಗಿದೆ."

ಊಟದ ಬಿಡುವಿನಲ್ಲಿ ಮಕ್ಕಳು ಶಾಲೆಯ ಗೋಡೆ ಹಾರಿ ಬಂದರು. ನಾವು ದೋಣಿಯ ಮರೆಯಲ್ಲಿ. ಒಬ್ಬೊಬ್ಬರೇ ಅಂಗೈ ಇಟ್ಟು ನೋಡಿದರು. "ಒದ್ದೆ!" ಮುಖ ಜೋಲು ಹಾಕಿಕೊಂಡು ವಾಪಸು. ಅಕ್ಕ ನನ್ನ ಕೈ ಹಿಸುಕಿದಳು. ಇಷ್ಟು ನೆಮ್ಮದಿ ಈಚೆಗೆ ಆಗಿಯೇ ಇಲ್ಲ.

ನಿಷ್ಠಾವಂತ ಓದುಗರು. ಬೇರೆ ಯಾವ ಲೇಖಕಿಗೆ ಈ ಭಾಗ್ಯ!

ಮಾರ್ಚ್ 10

ನಗರಸಭೆಯ ಬೋರ್ಡು ಬಂತು. ಸಮುದ್ರಕ್ಕೆ ಮುಖ ಮಾಡಿ ನೆಟ್ಟಿದ್ದಾರೆ. ಮೀನುಗಳು ಓದಿಕೊಳ್ಳಲಿ ಎಂದೋ ಏನೋ. ಪತ್ರ ಬರೆದೆ. ಬೇಲಿ ಹಾಕಿ, ಕಾವಲು ಇಡಿ, ಏನಾದರೂ ಮಾಡಿ. ಇಬ್ಬರು ಮುದುಕಿಯರು ಮತ್ತು ಒಂದು ಬಕೆಟ್ಟು — ಒಂದು ಊರಿನ ಮಕ್ಕಳಿಗೆ ಇಷ್ಟೇನಾ ಕಾವಲು?

ಮಾರ್ಚ್ 20

ನೀರು ಹೊತ್ತೂ ಹೊತ್ತೂ ಅಕ್ಕನ ಸೊಂಟ ಹಿಡಿದುಕೊಂಡಿದೆ. ಮಲಗಿದ್ದಾಳೆ. ನಾಳೆಯಿಂದ ಮತ್ತೆ ದೊಡ್ಡ ಇಳಿತ. ಒಬ್ಬಳ ಕೈಯಲ್ಲಿ ಎಷ್ಟು ಬಕೆಟ್ಟು ಎತ್ತಲಾದೀತು?

ಏಡಿ ತಲೆ ಬಾಚಿಸಿಕೊಳ್ಳುತ್ತಾ ಕೇಳಿದಳು: "ಚಿಕ್ಕಜ್ಜಿ, ಆಮೆ ಯಾಕೆ ಒಣಗ್ತಾನೇ ಇಲ್ಲ?"

"ಹೊಸ ಗೋಡೆಯಿಂದ, ಪುಟ್ಟಿ. ಅಲೆ ಜಾಸ್ತಿ."

"ಅಲೆ ಅಲ್ಲಿಗೆ ಬರಲ್ವಲ್ಲ." ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. "ಅಜ್ಜಿ ಹುಷಾರಾಗೋಕೆ ನಡುಗಡ್ಡೆ ಚಿಪ್ಪು ತರ್ತೀನಿ. ಪುಸ್ತಕದಲ್ಲಿ ತರ್ತಾರಲ್ಲ, ಹಾಗೆ."

ಬೇಡ ಎಂದೆ. ಆಣೆ ಮಾಡಿಸಿಕೊಂಡೆ.

"ಆಯ್ತು. ಆಮೆ ಒದ್ದೆ ಇದ್ರೆ ಹೋಗಲ್ಲ."

ಅದೆಂಥ ಆಣೆ ಎಂದು ಈಗ, ದೀಪ ಆರಿಸುವಾಗ, ಹೊಳೆಯುತ್ತಿದೆ.

ಮಾರ್ಚ್ 21, ಹನ್ನೊಂದೂವರೆ

ಒಂದು ಸಲ ನೀರು ಹಾಕಿ ಬಂದೆ. ಚೆನ್ನಾಗಿ ತೊಯ್ದಿದೆ. ಕಾಫಿ ಕುಡಿದು ಇನ್ನೊಂದು ಸಲ ಹೋಗಬೇಕು. ಮಕ್ಕಳಿಗೆ ಬಿಡುವು ಒಂದು ಗಂಟೆಗೆ, ಹೊತ್ತಿದೆ. ಅಧ್ಯಕ್ಷನಿಗೆ ಪತ್ರ ಶುರು ಮಾಡಿದ್ದೇನೆ. ಈ ಸಲ ಬಹಳ ಖಾರವಾಗಿ...

ಹೊಸ್ತಿಲಲ್ಲಿ ಏಡಿಯ ಶಾಲೆ ಚೀಲ. ಈಗಷ್ಟೇ ಕಂಡೆ. ಅಕ್ಕ ಒಳಗಿನಿಂದ, "ಇವತ್ತು ಅರ್ಧ ದಿನ ಅಂದಿದ್ಲಲ್ಲೇ, ಬಂದ್ಲಾ?" ಎನ್ನುತ್ತಿದ್ದಾಳೆ.

ನಲ್ಲಿಯ ಕೆಳಗೆ ಬಕೆಟ್ಟು ಇಲ್ಲ. ನಮ್ಮ ಗುಟ್ಟು ತಿಳಿದು, ಅಜ್ಜಿಯ ಬದಲು ತಾನೇ ನೀರು ಹಾಕಲು ಹೋಗಿರಬೇಕು. ಜಾಣೆ.

ಕಿಟಕಿಯಿಂದ ಕಾಣುತ್ತಿದ್ದಾಳೆ. ಬಕೆಟ್ಟು ಆಮೆಯ ಪಕ್ಕದಲ್ಲಿ ಬೋರಲಾಗಿದೆ, ಅದರ ಮೇಲೆ ಹತ್ತಿ ನಿಂತಿದ್ದಾಳೆ. ಬಂಡೆಯ ಮೇಲೆ ಬಗ್ಗಿ ಕೈ ಆಡಿಸುತ್ತಿದ್ದಾಳೆ. ನೀರು ಹಾಕುವವರ ಕೈ ಹೀಗೆ ಆಡುವುದಿಲ್ಲ. ಹಿಂದೆ ಮುಂದೆ, ಹಿಂದೆ ಮುಂದೆ...

ಹಗ್ಗದ ಮೇಲೆ ಒಣಹಾಕಿದ್ದ ನನ್ನ ಟವೆಲ್ಲು ಅವಳ ಕೈಯಲ್ಲಿ