ಗುರುವಾರದ ಪೂಜೆ

ಫೋರ್ಚೆ, ಮಂಗಳವಾರ

ತಮ್ಮಾ ದಾಛಿರಿ,

ಇಲ್ಲಿ ಎಲ್ಲರೂ ಕ್ಷೇಮ. ಯಾಕ್ ಎತ್ತುಗಳನ್ನು ಹೊಡೆಯುವ ಮಿಂಗ್ಮಾ ಈ ಪತ್ರವನ್ನು ಬೆಟ್ಟದ ಬುಡದ ನಿಮ್ಮ ಶಿಬಿರಕ್ಕೆ ತರುತ್ತಾನೆ. ಜೊತೆಗೆ ಹುರಿದ ಬಾರ್ಲಿ ಹಿಟ್ಟಿದೆ, ಲಾಮಾರು ರಕ್ಷೆಗೆಂದು ಕಟ್ಟಿದ್ದ, ನೀನು ದಿಂಬಿನ ಕೆಳಗೆ ಬಿಟ್ಟುಹೋದ ಕೆಂಪು ದಾರವೂ ಇದೆ. ಫೋಟೋಕ್ಕೆ ಚೆನ್ನಾಗಿರಲ್ಲವೆಂದು ಬಿಚ್ಚಿದ್ದೆಯಲ್ಲ. ಫೋಟೋ ಮುಗಿಯಿತು, ಈಗ ಕಟ್ಟಿಕೋ.

ಲಾಮಾರು ಬೆಟ್ಟದ ಪೂಜೆಗೆ ಗುರುವಾರವೇ ಒಳ್ಳೆಯ ದಿನ ಎಂದಿದ್ದರು. ನೀನು ಹೊರಡುವಾಗ, "ಗುರುವಾರದ ತನಕ ಕೂತ್ರೆ ಆ ಇನ್ನೊಂದು ತಂಡದವ್ರು ಮೊದ್ಲು ಶಿಖರ ಹತ್ತಿ ನನ್ನ ದಾಖಲೆ ಹೊಡ್ಕೊಂಡ್ ಹೋಗ್ತಾರೆ. ಹಿಮಕ್ಕೇನು ಪಂಚಾಂಗ ಗೊತ್ತಾ ಅಕ್ಕಾ?" ಎಂದು ನಕ್ಕೆ. ಗೊತ್ತಿಲ್ಲ ಮಾರಾಯ. ಅದಕ್ಕೆ ನಿನ್ನ ದಾಖಲೆಯೂ ಗೊತ್ತಿಲ್ಲ.

ಪೂಜೆಯಾಗದೆ ನಮ್ಮವರು ಯಾರೂ ಹಿಮದ ಮೇಲೆ ಕಾಲಿಡುವುದಿಲ್ಲ. ನೀನು ಬುಧವಾರವೇ ಹತ್ತುತ್ತೀಯಂತೆ. ನಿನಗಿಂತ ಮುಂದೆ ಹೋಗಿ ಹಗ್ಗ ಕಟ್ಟಲು ಉಳಿದವರೆಲ್ಲ ಒಲ್ಲೆ ಎಂದದ್ದಕ್ಕೆ ನಿನ್ನ ಭಾವ ಒಪ್ಪಿದರಂತೆ. ನಿನಗೆ ಇಲ್ಲ ಎನ್ನುವುದು ಅವರಿಗೆ ಬರುವುದಿಲ್ಲ. ಅವರ ಪರವಾಗಿ ನಾನೇ ಹೇಳುತ್ತೇನೆ: ಇಲ್ಲ. ಅವರನ್ನು ಮಿಂಗ್ಮಾನ ಜೊತೆ ಮನೆಗೆ ಕಳಿಸು. ಆಲೂಗಡ್ಡೆ ನೆಡುವುದಿದೆ.

ನಿನ್ನ ಗೆಲುವಿಗೆಂದು ಊರವರು ಈಗಲೇ ಬಿಳಿ ಶಲ್ಯ ತಂದುಕೊಡುತ್ತಿದ್ದಾರೆ. ನಮ್ಮಲ್ಲಿ ಗೆದ್ದವರಿಗೂ ಅದೇ ಶಲ್ಯ, ಬೆಟ್ಟದಿಂದ ಬಿದ್ದವರಿಗೂ ಅದೇ ಶಲ್ಯ. ಎಲ್ಲವನ್ನೂ ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದೇನೆ.

ಯಾಕ್‌ಗಳನ್ನು ಎಷ್ಟು ಓಡಿಸಿದರೂ ಗುರುವಾರಕ್ಕೆ ಮೊದಲು ಅಲ್ಲಿಗೆ ಮುಟ್ಟಲಾರೆ ಎನ್ನುತ್ತಾನೆ ಮಿಂಗ್ಮಾ. ನೀವಿಬ್ಬರೂ ಇನ್ನೂ ಕೆಳಗೇ ಇದ್ದರೆ, ಪೂಜೆಗೆ ಅದು ಒಳ್ಳೆಯ ದಿನ.

ನಿನ್ನ ಅಕ್ಕ,
ಯಾಂಗ್ಜಿ